ಹಿಂಗಾಲು ಮೊದಲು

ಪ್ರವಾಸಕ್ಕೆ ಹೋಗಿದ್ದ ನಾದಿನಿ ಚನ್ನಪಟ್ಟಣದಿಂದ ನನ್ನ ಮಗನಿಗೊಂದು ಮರದ ದನ ತಂದುಕೊಟ್ಟಳು. ಪೀಠದ ಅಡಿಯ ಗುಂಡಿ ಒತ್ತಿದರೆ ಒಳಗಿನ ದಾರ ಸಡಿಲಾಗಿ ನಾಲ್ಕೂ ಕಾಲು ಮಡಚಿ ದನ ಕುಸಿಯುತ್ತಿತ್ತು, ಬಿಟ್ಟರೆ ಟಕ್ಕೆಂದು ಎದ್ದು ನಿಲ್ಲುತ್ತಿತ್ತು. ಐದು ವರ್ಷದ ಮಗ ಒಂದೆರಡು ಸಲ ಒತ್ತಿ ನೋಡಿ ಕೆಳಗಿಟ್ಟ.

"ಇದು ಸುಳ್ಳು ದನ. ದನ ಹಿಂಗೆ ಏಳ್ತಿಲ್ಲೆ," ಎಂದ.

ಮಾತು ಸರಿಯೇ. ಶಾಲೆ ಬಿಟ್ಟು ಬಂದರೆ ಅವನಿರುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಮಲಗಿದ ದನ ನಾಲ್ಕು ಕಾಲಲ್ಲಿ ಒಟ್ಟಿಗೆ ಏಳುವುದಿಲ್ಲ. ಮುಂಗಾಲ ಮಂಡಿ ಊರಿ, ಕುತ್ತಿಗೆ ಚಾಚಿ, ಮೈಭಾರವನ್ನೆಲ್ಲ ಮುಂದಕ್ಕೆ ತರುತ್ತದೆ. ಆಗ ಹಿಂಗಾಲು ಮೇಲೇಳುತ್ತದೆ, ಆಮೇಲೆ ಒಂದೊಂದೇ ಮುಂಗಾಲು. ಕುತ್ತಿಗೆ ಚಾಚಲು ಜಾಗವಿರಲಿ ಎಂದೇ ನಮ್ಮಲ್ಲಿ ಹಗ್ಗ ಉದ್ದ ಬಿಟ್ಟು ಕಟ್ಟುವುದು.

ಮಗ ನೆಲದಲ್ಲಿ ಕೂತು, ಎದ್ದು ತೋರಿಸಿದ. ಅಂಗೈ ಊರಿ, ಕುಂಡೆ ಮೇಲೆತ್ತಿ, ಕೈಯನ್ನು ಮೊದಲು ಮಂಡಿಗೆ, ಆಮೇಲೆ ತೊಡೆಗೆ ಒತ್ತುತ್ತಾ ನೆಟ್ಟಗಾದ. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಪಕ್ಕಾ ದನ ಎದ್ದಾಂಗೇ. ಹೋದ ಜನ್ಮದಲ್ಲಿ ನಮ್ಮ ಕೊಟ್ಟಿಗೇಲೇ ಇದ್ದಿದ್ನ ಏನ."

ಅಲ್ಲಿಂದ ಮುಂದೆ ಮನೆಗೆ ಯಾರು ಬಂದರೂ, ಆಸರಿಗೆ ಕುಡಿದು ಲೋಟ ಕೆಳಗಿಡುವುದರೊಳಗೆ ಮಾವನ ಅಪ್ಪಣೆಯಾಗುತ್ತಿತ್ತು: "ಮಾಣಿ, ದನ ಹ್ಯಾಂಗೆ ಏಳ್ತು ತೋರ್ಸು." ಅವನು ತೋರಿಸುತ್ತಿದ್ದ. ಅವನ ಮೀನಖಂಡಗಳು ತುಂಬಿಕೊಂಡು ಗಟ್ಟಿಯಾಗಿದ್ದವು. ಹೋರಿಕಾಲು ಎಂದು ಮಾವ ಬಂದವರಿಗೆಲ್ಲ ಮುಟ್ಟಿಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮಲ್ಲಿ ಅಜ್ಜನಿಗೇ ಹೆಚ್ಚು. ದೃಷ್ಟಿಯಾದೀತೆಂದು ನಾನು ಕಾಲಿಗೂ ಕಾಡಿಗೆಯ ಬೊಟ್ಟಿಡುತ್ತಿದ್ದೆ.

ಶಾಲೆಯ ಮೆಟ್ಟಿಲು ಹತ್ತುವಾಗ ಪದೇ ಪದೇ ಬೀಳುತ್ತಾನೆ ಎಂದು ಟೀಚರು ಹೇಳಿದ ಮೇಲೆ ಶಿರಸಿಗೆ, ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಅವನನ್ನು ನೆಲದ ಮೇಲೆ ಕೂರಿಸಿ, ಏಳು ಎಂದರು. ಎದ್ದ.

"ದನ ನೋಡಿ ಕಲಿತದ್ದು ಡಾಕ್ಟ್ರೇ," ಮಾವ ಅಭಿಮಾನದಿಂದ ಹೇಳಿದರು.

ಡಾಕ್ಟರು ನಗಲಿಲ್ಲ. ಮೀನಖಂಡ ಒತ್ತಿ ನೋಡಿ, "ಯಾವಾಗಿಂದ ಹಿಂಗ ಏಳ್ತಾನ್ರಿ?" ಎಂದು ಕೇಳಿದರು.

ಹುಬ್ಬಳ್ಳಿಯಲ್ಲಿ ಪರೀಕ್ಷೆಗಳಾದವು. ಸೊಂಟ, ತೊಡೆಯ ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಕಾಯಿಲೆಯಂತೆ. ಮೀನಖಂಡದಲ್ಲಿ ತುಂಬಿಕೊಂಡದ್ದು ಬಲವಲ್ಲ, ಕೊಬ್ಬು. ನಡಿಗೆ ನಿಲ್ಲುತ್ತದೆ, ಔಷಧಿಯಿಂದ ಸ್ವಲ್ಪ ತಡವಾಗಬಹುದು ಅಷ್ಟೆ ಎಂದರು. ಯಲ್ಲಾಪುರದವರೆಗೂ ಬಸ್ಸಿನಲ್ಲಿ ನಾನು ಅಳುತ್ತಲೇ ಇದ್ದೆ. ಪಕ್ಕದ ಹೆಂಗಸು ಯಾರು ಹೋದರು ಎಂದು ಕೇಳಿದಳು. ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದ ಹುಡುಗನನ್ನು ತೋರಿಸಿ ಏನೆಂದು ಹೇಳಲಿ?

ಈಗ ಅವನಿಗೆ ಹನ್ನೊಂದು. ಗಾಲಿಕುರ್ಚಿಯಲ್ಲಿರುತ್ತಾನೆ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಬೆಳಿಗ್ಗೆ ಅವನನ್ನು ಎತ್ತಿ ಕುರ್ಚಿಗೆ ಕೂರಿಸುವಾಗ, ಅವನ ಮುಖ ಸಪ್ಪಗಿತ್ತೆಂದು, ನಗಿಸಲು ಹೋಗಿ ಹಳೆಯದನ್ನು ತೆಗೆದೆ. ಎಷ್ಟು ಚಂದ ದನದ ಆಟ ಆಡ್ತಿದ್ದೆ ನೀನು ಎಂದೆ.

"ಆಯಿ, ಅದು ಆಟ ಅಲ್ಲ," ಎಂದ. "ನಂಗೆ ಬೇರೆ ರೀತಿ ಏಳಲೇ ಆಗ್ತಿತ್ತಿಲ್ಲೆ. ಅಜ್ಜ ಅಷ್ಟು ನಗ್ತಿದ್ದ, ಅದ್ಕೇ ಹೇಳಿದ್ನಿಲ್ಲೆ."