ದೊಡ್ಡ ಪಿಕಪ್ಪೂ ನನ್ನ ಸೀರೆಯೂ

ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಅದಕ್ಕೇ ದೊಡ್ಡ ಪಿಕಪ್ ಹತ್ತಲಿಕ್ಕೆ ಆಗಲಿಲ್ಲ ಅಂತ ಮನೆಯಲ್ಲಿ ಎಲ್ಲರೂ ತಿಳಿದುಕೊಂಡರು. ನಾನೇ ಹಾಗೆ ಹೇಳಿದ್ದು. ನಡೆದದ್ದು ಬೇರೆ. ಕಾಲು ಮೇಲಿಡಬೇಕಾದರೆ ಸೀರೆಯನ್ನು ಮೊಣಕಾಲಿನ ತನಕ ಎತ್ತಬೇಕಿತ್ತು. ಪಿಕಪ್ ಮಾರುವ ಅಂಗಡಿ ತುಂಬ ಗಂಡಸರು ನಿಂತಿದ್ದರು. ನನಗೆ ನಾಚಿಕೆ ಆಯಿತು. ಅಷ್ಟೇ. ಈ ಪ್ರಾಯದಲ್ಲಿ ಎಂಥ ನಾಚಿಕೆ ಅಂತ ನೀವು ನಗಬಹುದು. ನಗಿ. ನಾನೂ ಆಮೇಲೆ ನಕ್ಕಿದ್ದೇನೆ.

ಇವತ್ತು ಒಗೆದ ಬಟ್ಟೆ ಮಡಚುವಾಗ ಆ ದಿನದ ಸೀರೆ ಕೈಗೆ ಬಂತು. ಅಂಚಿನಲ್ಲಿ ಒಂದು ಕಪ್ಪು ಕಲೆ, ಪಿಕಪ್ಪಿನ ಮೆಟ್ಟಿಲಿನದು. ಎರಡು ಸಲ ಸಾಬೂನು ಹಾಕಿ ತಿಕ್ಕಿದರೂ ಹೋಗಿಲ್ಲ. ಮೂಗಿಗೆ ಹಿಡಿದು ನೋಡಿದೆ. ರಬ್ಬರಿನ ವಾಸನೆ ಸಣ್ಣಗೆ ಇನ್ನೂ ಉಂಟು. ಹೊಸ ಗಾಡಿಯದ್ದೇ ವಾಸನೆ, ಆದರೆ ನನ್ನ ತಲೆ ಹೋದದ್ದು ಹಳೆಯ ಗಾಡಿಗೆ. ಅದಕ್ಕೇ ಇದನ್ನು ಬರೆಯಲಿಕ್ಕೆ ಕೂತೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಬರೆಯಲಿಕ್ಕೆ ನನಗೆ ಬರುವುದು ಕನ್ನಡ, ಅದೂ ಐದನೇ ಕ್ಲಾಸಿನ ತನಕದ್ದು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಾವಿರುವುದು ಕತಾರಿನ ಅಲ್ ವಕ್ರಾದಲ್ಲಿ. ಮಗ ಸುಧೀರ ದೋಹಾಕ್ಕೆ ಆಫೀಸಿಗೆ ಹೋಗುತ್ತಾನೆ, ಸೊಸೆ ವಿನಯಾ ಅಲ್ ಸದ್ದ್‌ಗೆ ಕೆಲಸಕ್ಕೆ ಹೋಗುತ್ತಾಳೆ, ಮೊಮ್ಮಗಳು ಸಾನ್ವಿ ಶಾಲೆಗೆ ಹೋಗುತ್ತಾಳೆ. ಹೋಗಲಿಕ್ಕೆ ಎಲ್ಲಿಯೂ ಇಲ್ಲದವಳು ನಾನೊಬ್ಬಳೇ. ಶುಕ್ರವಾರ ಮಾತ್ರ ನಾನೂ ಹೋಗುತ್ತೇನೆ, ಸಮುದ್ರಕ್ಕೆ. ಅವರು ಮೀನು ಹಿಡಿಯುತ್ತಾರೆ, ನಾನು ಚಾಪೆ ಹಾಕಿ ಕೂತು ನೋಡುತ್ತೇನೆ, ಬೈಯುತ್ತೇನೆ, ಬಂದ ಮೀನನ್ನು ಅಲ್ಲೇ ಹುರಿಯುತ್ತೇನೆ. ಇಡೀ ವಾರ ನಾಲ್ಕು ಗೋಡೆ ನೋಡುವವಳಿಗೆ ಆ ಒಂದು ದಿನ ಎಂಥದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ವಕ್ರಾದಲ್ಲಿ ನಾನು ಹಿಂದೆಯೂ ಇದ್ದೆ. ಮದುವೆಯಾಗಿ ಕೆಲವು ವರ್ಷದ ಮೇಲೆ ನಮ್ಮವರು ಕರೆಸಿಕೊಂಡಾಗ. ಒಂದು ಹಳೆಯ ಮನೆಯನ್ನು ತುಂಡು ಮಾಡಿ ನಾಲ್ಕು ಸಂಸಾರಕ್ಕೆ ಕೊಟ್ಟಿದ್ದರು. ನಮ್ಮ ತುಂಡಿನಲ್ಲಿ ಒಂದು ಕೋಣೆ, ಅಡಿಗೆಗೆ ಒಂದು ಮೂಲೆ. ಗೋಡೆಯ ಆಚೆ ಮಲಯಾಳಿಗಳು. ಅವರು ಮೀನಿಗೆ ಒಗ್ಗರಣೆ ಹಾಕಿದರೆ ನಮಗೆ ಕೆಮ್ಮು. ಅವರಿಂದ ಕಲಿತ ಮಲಯಾಳ ಈಗಲೂ ಉಪಯೋಗಕ್ಕೆ ಬರುತ್ತದೆ.

ನಮ್ಮವರು ಎ.ಸಿ. ಮೆಕ್ಯಾನಿಕ್. ಕಂಪೆನಿಯವರು ಅವರಿಗೆ ಒಂದು ಸಣ್ಣ ಬಿಳಿ ಪಿಕಪ್ ಕೊಟ್ಟಿದ್ದರು. ಊರವರ ಎ.ಸಿ.ಯೆಲ್ಲ ರಿಪೇರಿ ಮಾಡುವವರ ಗಾಡಿಯಲ್ಲಿ ಎ.ಸಿ. ಓಡುತ್ತಿರಲಿಲ್ಲ. "ನಾಳೆ ಮಾಡುವ" ಅಂತ ಹೇಳುತ್ತಾ ಹೇಳುತ್ತಾ ಕೊನೆಗೆ ಗಾಡಿಯನ್ನು ಹಾಗೆಯೇ ಕಂಪೆನಿಗೆ ವಾಪಸು ಕೊಟ್ಟರು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಬೈರಾಸು, ಅಂದರೆ ಟವೆಲು, ನೇತುಹಾಕಿ ಹೋಗುತ್ತಿದ್ದೆವು. ಸಿಗ್ನಲ್ಲಿಗೆ ಬರುವಷ್ಟರಲ್ಲಿ ಅದು ಒಣಗಿ ಹಪ್ಪಳ.

ಆ ಗಾಡಿಯಲ್ಲಿ ಒಂದೇ ಉದ್ದದ ಸೀಟು. ಅವರು ಆ ಕಡೆ, ನಾನು ಈ ಕಡೆ, ನಡುವೆ ಸುಧೀರ. ಅವನಿಗಾಗ ನಾಲ್ಕೋ ಐದೋ. ಗೇರಿನ ಕೋಲು ಅವನ ಎರಡು ಕಾಲಿನ ನಡುವೆ. ಅವರು ಗೇರು ಹಾಕುವಾಗಲೆಲ್ಲ ಇವನು ಕಾಲು ಮೇಲೆತ್ತಬೇಕು. ಕೆಲವು ದಿನದಲ್ಲಿ ಎಂಜಿನ್ ಸದ್ದು ಕೇಳಿಯೇ ಕಾಲೆತ್ತಲು ಕಲಿತುಬಿಟ್ಟ. ಹತ್ತುವುದು ಇಳಿಯುವುದು ಏನೂ ಇಲ್ಲ ಆ ಗಾಡಿಗೆ. ಮಣೆಯ ಮೇಲೆ ಕೂತ ಹಾಗೆ ಕೂರುವುದು, ಬಾಗಿಲು ಎಳೆದುಕೊಳ್ಳುವುದು. ಬಿಸಿಯಾದ ರೆಕ್ಸಿನ್, ಗ್ರೀಸು, ಹಿಂದಿನ ವಾರದ ಮೀನು, ಎಲ್ಲ ಸೇರಿ ಒಂದು ವಾಸನೆ. ಆ ವಾಸನೆ ಈಗ ಎಲ್ಲಿಯೂ ಸಿಕ್ಕುವುದಿಲ್ಲ. ಸಿಕ್ಕಿದರೆ ಸಾನ್ವಿ ಮೂಗು ಮುಚ್ಚಿಕೊಂಡಾಳು.

ಶುಕ್ರವಾರ ತೆಂಕು ದಿಕ್ಕಿಗೆ ಹೊರಟು, ರಸ್ತೆ ಮುಗಿದಲ್ಲಿ ಮರಳಿಗೆ ಇಳಿಸಿ, ಸಮುದ್ರದ ಬದಿಯಲ್ಲಿ ನಿಲ್ಲಿಸುತ್ತಿದ್ದರು. ಗಾಳ ಹಿಡಿದು ಮೊಣಕಾಲು ನೀರಿನ ತನಕ ಹೋಗುತ್ತಿದ್ದರು, ಅದಕ್ಕಿಂತ ಮುಂದಕ್ಕೆ ಒಂದು ಹೆಜ್ಜೆ ಇಲ್ಲ. ಕಡಲ ಬದಿಯಲ್ಲಿ ಹುಟ್ಟಿದ ಮನುಷ್ಯನಿಗೆ ದೋಣಿ ಅಂದರೆ ಹೆದರಿಕೆ. ಯಾರಾದರೂ ದೋಣಿಗೆ ಕರೆದರೆ "ಮೀನು ಇಲ್ಲಿಗೇ ಬರ್ತದೆ ಮಾರಾಯ, ನಾವ್ಯಾಕೆ ಅದರ ಮನೆಗೆ ಹೋಗುವುದು" ಅನ್ನುತ್ತಿದ್ದರು. ಅಂಥವರ ಮಗನಿಗೆ ದೋಣಿಯ ಹುಚ್ಚು. ಮೂರು ವರ್ಷದ ಹಿಂದೆ ಒಂದು ಹಳೆಯ ಫೈಬರ್ ದೋಣಿ ತೆಗೆದ. ತೂತು ಮುಚ್ಚಿದ, ಬಣ್ಣ ಬಳಿದ. ಅದರಲ್ಲಿ ಕೂತಾಗ ಅವನ ಮುಖ ನೋಡಬೇಕು, ಆಫೀಸಿನಿಂದ ಬರುವವನ ಮುಖವೇ ಅಲ್ಲ ಅದು.

ದೋಣಿ ಇದ್ದದ್ದು ಅವನ ಗೆಳೆಯ ಪ್ರವೀಣನ ಕಂಪೌಂಡಿನಲ್ಲಿ, ಟ್ರೇಲರಿನ ಮೇಲೆ. ಪ್ರವೀಣ ತನ್ನ ದೊಡ್ಡ ಪಿಕಪ್ಪಿಗೆ ಅದನ್ನು ಕಟ್ಟಿ ಸಮುದ್ರಕ್ಕೆ ತರುತ್ತಿದ್ದ, ನಾವು ನಮ್ಮ ಹಳೆಯ ಕಾರಿನಲ್ಲಿ ಹಿಂದೆ ಹೋಗುತ್ತಿದ್ದೆವು. ಈ ಚಳಿಗಾಲದಲ್ಲಿ ಎರಡು ಒಟ್ಟಿಗೆ ಆಯಿತು. ಪ್ರವೀಣನಿಗೆ ದೂರದ ದುಖಾನಿಗೆ ವರ್ಗವಾಯಿತು, ಪಿಕಪ್ಪೂ ಅವನ ಜೊತೆ ಹೋಯಿತು, ದೋಣಿ ಇಲ್ಲೇ ಉಳಿಯಿತು. ನಮ್ಮ ಕಾರಿನ ಎಂಜಿನ್ ಕೈಕೊಟ್ಟಿತು. ಇನ್ನು ತೆಗೆಯುವುದಾದರೆ ಮೂರು ಕೆಲಸಕ್ಕೂ ಆಗುವ ಒಂದೇ ಗಾಡಿ ತೆಗೆಯುವುದು, ದಿನಾ ಆಫೀಸಿಗೆ, ದೋಣಿ ಎಳೆಯಲಿಕ್ಕೆ, ಮರಳಿಗೆ, ಅಂತ ಸುಧೀರ ಪಿಕಪ್ ಹುಡುಕಲು ಶುರು ಮಾಡಿದ.

ಪಿಕಪ್ಪಿನಲ್ಲಿ ಸಣ್ಣದು, ನಡುವಿನದು, ದೊಡ್ಡದು ಅಂತ ಮೂರು ಜಾತಿ. ನಮ್ಮ ಊಟದ ಮೇಜಿನಲ್ಲಿ ಒಂದು ತಿಂಗಳು ಬೇರೆ ಮಾತೇ ಇಲ್ಲ. ಫೋನಿನಲ್ಲಿ ಯಾರೋ ಪಿಕಪ್ಪಿನ ಕೆಳಗೆ ಮಲಗಿ ಮಾತಾಡುವುದನ್ನು ನೋಡುತ್ತಾ ಇವನು ಅನ್ನ ಕಲಸುತ್ತಿದ್ದ.

"ಸಣ್ಣದು ಸಾಕಲ್ವಾ ಮಗಾ? ನಿನ್ನ ಅಪ್ಪನದು ಸಣ್ಣದೇ ಅಲ್ವಾ?" ಅಂದೆ.

"ಸಣ್ಣದಕ್ಕೆ ಕಟ್ಟಿದರೆ ದೋಣಿಯೇ ಅದನ್ನು ಎಳ್ಕೊಂಡು ನೀರಿಗೆ ಹೋಗ್ತದೆ ಅಮ್ಮ. ನಡುವಿನದು ರಸ್ತೆಯಲ್ಲಿ ಎಳೀತದೆ, ಆದರೆ ನೀರಿನಿಂದ ಮೇಲೆ ತರುವಾಗ ಜಾರ್ತದೆ. ನಮ್ಮದು ಹಳೇ ದೋಣಿ, ಭಾರ ಜಾಸ್ತಿ. ದೊಡ್ಡದೇ ಬೇಕು."

ವಿನಯಾ ಬಿಡುವವಳಲ್ಲ. "ವಾರದಲ್ಲಿ ಐದು ದಿನ ಆಫೀಸಿಗೆ ಹೋಗುವುದು ನೀವೊಬ್ಬರೇ. ಅದಕ್ಕೆ ಮನೆಯಷ್ಟು ದೊಡ್ಡ ಗಾಡಿಯಾ? ಅಲ್ ಸದ್ದ್‌ಗೆ ಬಂದರೆ ಎಲ್ಲಿ ನಿಲ್ಲಿಸ್ತೀರಿ, ನನ್ನ ತಲೆ ಮೇಲಾ?"

"ಮತ್ತೆ ದೋಣಿ ನೀನು ಎಳೀತೀಯಾ?"

"ಮನೆಯನ್ನೇ ಎಳೀತಾ ಇದ್ದೇನೆ. ದೋಣಿ ಎಂಥ ದೊಡ್ಡದು."

ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಸೊಸೆಯ ಬಾಯಿ ನನ್ನದೇ ಜಾತಿಯದು. ಆದರೂ ಕೊನೆಗೆ ಅವಳೇ ಸೋತಳು. ಇವನ ಆಫೀಸಿನ ಕೆಳಗೆ ಬೇಕಾದಷ್ಟು ಜಾಗ ಉಂಟಂತೆ, ನಮ್ಮ ಬಿಲ್ಡಿಂಗಿನಲ್ಲಿ ಅಂಥದ್ದೇ ದೊಡ್ಡದು ಎರಡು ನಿಲ್ಲುತ್ತವೆ. "ಆಗಲಿ, ದೋಣಿಯ ಜೊತೆ ಅದೂ ಇರಲಿ" ಅಂದಳು.

ನಮ್ಮಲ್ಲಿ ಒಂದು ಕ್ರಮ ಉಂಟು. ಹೊಸ ಗಾಡಿ ತೆಗೆಯುವಾಗ ಮನೆಯ ಹಿರಿಯರನ್ನು ಮೊದಲು ಕೂರಿಸುವುದು. ಅವರು ಕೂತು ಆಯಿತು ಅಂದ ಮೇಲೆಯೇ ಮಾತು ಮುಗಿಸುವುದು. ಹಾಗಾಗಿ ಆ ಶುಕ್ರವಾರ ಸಂಜೆ ವಿನಯಾಳ ಪುಟ್ಟ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ನಾನೂ ಒಳ್ಳೆಯ ಸೀರೆ ಉಟ್ಟು, ಚೆನ್ನಾಗಿ ನೆರಿಗೆ ಹಿಡಿದು, ಮದುವೆಗೆ ಹೊರಟ ಹಾಗೆ ಹೊರಟೆ. ಅದೇ ತಪ್ಪಾದದ್ದು.

ಅಂಗಡಿ ಅಂದರೆ ಗಾಜಿನ ಅರಮನೆ. ಪಿಕಪ್ ನಡುವೆ ನಿಂತಿತ್ತು, ಅದರ ಬಾನೆಟ್ ನನ್ನ ಕುತ್ತಿಗೆಯ ತನಕ. "ಅಜ್ಜಿ, ಇದು ತುಂಬಾ ಬಿಗ್ ಉಂಟು!" ಅಂತ ಸಾನ್ವಿ ಸುತ್ತ ಓಡಿದಳು. ಮಾರುವವನು ಮಲಯಾಳಿ, ಒಳ್ಳೆಯವನೇ. ಬಾಗಿಲು ತೆಗೆದು "ಅಮ್ಮೇ, ಪತುಕ್ಕೆ ಪತುಕ್ಕೆ", ಮೆಲ್ಲ ಮೆಲ್ಲ, ಅಂದ. ಮೆಟ್ಟಿಲೇನೋ ಉಂಟು, ಆದರೆ ಅದೇ ಮೊಣಕಾಲಿನ ಎತ್ತರದಲ್ಲಿ. ಕಾಲೆತ್ತಿದೆ. ಸೀರೆ ಬಿಡಲಿಲ್ಲ. ಇನ್ನೊಮ್ಮೆ ಎತ್ತಿದೆ, ನೆರಿಗೆ ಮೆಟ್ಟಿಲಿಗೆ ಸಿಕ್ಕಿಹಾಕಿಕೊಂಡಿತು. ಒಂದು ಕೈ ಬಾಗಿಲಿನ ಹಿಡಿಯಲ್ಲಿ, ಒಂದು ಕಾಲು ನೆಲದಲ್ಲಿ, ಇನ್ನೊಂದು ಎಲ್ಲಿ ಅಂತ ನನಗೇ ಗೊತ್ತಿಲ್ಲ. ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ನೇತಾಡಿದೆ. ಸುಧೀರ ಹಿಂದಿನಿಂದ ಹಿಡಿದ, ಮಾರುವವನು ಒಂದು ಸ್ಟೂಲು ತರಿಸಿದ, ಆಚೆ ಗಾಡಿ ನೋಡುತ್ತಿದ್ದವರೆಲ್ಲ ಈಚೆ ನೋಡಿದರು. ಸೀರೆಯನ್ನು ಒಂದು ಗೇಣು ಎತ್ತಿದ್ದರೆ ಮುಗಿಯುತ್ತಿತ್ತು. ಎತ್ತಲಿಲ್ಲ. ನನ್ನ ಕಾಲು ಈಗ ಒಣಗಿದ ನುಗ್ಗೆಕೋಡಿನ ಹಾಗೆ ಆಗಿದೆ, ಮೇಲೆಲ್ಲ ನೀಲಿ ನರ. ಅದನ್ನು ಯಾರಿಗೆ ತೋರಿಸುವುದು?

"ಮೊಣಕಾಲು ನೋವು, ಬಿಡು" ಅಂದೆ.

ಸುಧೀರ ಬಿಟ್ಟ. ನನ್ನನ್ನು ಮಾತ್ರ ಅಲ್ಲ, ಗಾಡಿಯನ್ನೂ ಬಿಟ್ಟ. ವಾಪಸು ಬರುವಾಗ ರಸ್ತೆ ನೋಡುತ್ತಾ, "ನಡುವಿನದೇ ಸಾಕು ಅಮ್ಮ. ದೊಡ್ಡದಕ್ಕೆ ನಮ್ಮ ಬಿಲ್ಡಿಂಗಿನಲ್ಲಿ ಜಾಗ ಸಾಲದು" ಅಂದ. ಎರಡು ನಿಲ್ಲುವುದನ್ನು ನಾನು ದಿನಾ ನೋಡುತ್ತೇನೆ.

ಮನೆಗೆ ಬಂದು ಚಾ ಕುಡಿಯುವಾಗ ಅವನು ಫೋನು ಹಿಡಿದು ಬಾಲ್ಕನಿಗೆ ಹೋದ. ಪ್ರವೀಣನ ಹತ್ತಿರ ಮಾತಾಡುತ್ತಿದ್ದ. ಬಾಗಿಲು ಹಾಕಿದ್ದ, ಆದರೆ ನನ್ನ ಕಿವಿಗೆ ಪ್ರಾಯ ಆಗಿಲ್ಲ. "ದೋಣಿ ಯಾರಿಗಾದರೂ ಬೇಕಾದರೆ ಹೇಳು ಮಾರಾಯ... ಇಲ್ಲ ಇಲ್ಲ, ಖಲಾಸ್. ಅಮ್ಮನನ್ನು ಮನೆಯಲ್ಲಿ ಬಿಟ್ಟು ನಾವು ಹೋಗುವುದು ಹೇಗೆ?"

ನನಗೆ ಸಂತೋಷ ಆಗಬೇಕಿತ್ತು. ಎಂಥ ಮಗ ಅಂತ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಚಾ ಅಲ್ಲೇ ಬಿಟ್ಟೆ.

ಯಾಕೆ ಸಿಟ್ಟು ಅಂತ ಹೇಳಲಿಕ್ಕೆ ಇನ್ನೊಂದು ಶುಕ್ರವಾರದ ಮಾತು ಹೇಳಬೇಕು. ಅವರ ಸಣ್ಣ ಪಿಕಪ್ ಒಮ್ಮೆ ಸಮುದ್ರದ ಬದಿಯ ಉಪ್ಪು ಕೆಸರಿನಲ್ಲಿ ಹೂತುಹೋಯಿತು. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಒಳಗೆ ಹಿಟ್ಟು. ಚಕ್ರ ತಿರುಗಿಸಿದಷ್ಟೂ ಕೆಳಗೆ. ನಾನು ಸೀಟಿನಲ್ಲಿ ಕೂತು ದೇವರ ಹೆಸರು ಹೇಳುತ್ತಿದ್ದೆ. ಅವರು ನನ್ನ ಕಡೆ ತಿರುಗಿ, "ಇಳಿ, ತಳ್ಳು" ಅಂದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಇಳಿದೆ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ, ಊಟದ ಬಟ್ಟಲಿನಿಂದ ಚಕ್ರದ ಅಡಿಯ ಕೆಸರು ತೆಗೆದೆ, ಮೀನಿನ ಚೀಲ ಅಡಿಗೆ ಹಾಕಿದೆ, ಹಿಂದೆ ನಿಂತು ತಳ್ಳಿದೆ. ದೊಡ್ಡ ಗಾಡಿಯಲ್ಲಿ ಬಂದ ಒಬ್ಬ ಅರಬರವನು ಹಗ್ಗ ಹಿಡಿದು "ಯಲ್ಲಾ, ಯಲ್ಲಾ", ನಡಿ ನಡಿ, ಅಂತ ಕೂಗುತ್ತಿದ್ದ. ಅವನು ನನ್ನ ಕಾಲು ನೋಡಿದನೋ ಚಕ್ರ ನೋಡಿದನೋ, ಯಾರಿಗೆ ಗೊತ್ತು, ಪುರುಸೊತ್ತು ಯಾರಿಗಿತ್ತು. ಗಾಡಿ ಮೇಲೆ ಬಂತು. ನನ್ನ ಮುಖದ ತುಂಬ ಕೆಸರು. ಅವರು ನೋಡಿ ಹೊಟ್ಟೆ ಹಿಡಿದು ನಕ್ಕರು, ಸುಧೀರನೂ ನಕ್ಕ. ಆ ದಿನ ಹಿಡಿದ ಮೀನು ಯಾವುದು ಅಂತ ನೆನಪಿಲ್ಲ, ಆ ನಗು ನೆನಪುಂಟು.

ಅವರು ಹೋದ ಮೇಲೆ ನನ್ನ ಹತ್ತಿರ ಯಾರೂ "ಇಳಿ, ತಳ್ಳು" ಅನ್ನುವುದಿಲ್ಲ. ಎಲ್ಲರೂ "ಕೂತ್ಕೊಳ್ಳಿ" ಅಂತಾರೆ. ನೀರಿನ ಬಾಟ್ಲಿ ಎತ್ತಿದರೆ ಕೂತ್ಕೊಳ್ಳಿ, ಪೊರಕೆ ಹಿಡಿದರೆ ಕೂತ್ಕೊಳ್ಳಿ. ಪ್ರೀತಿಯಿಂದಲೇ ಹೇಳುವುದು, ಇಲ್ಲ ಅನ್ನುವುದಿಲ್ಲ. ಆದರೆ ಹೀಗೆ ಕೂತು ಕೂತು ಈಗ ನಾನು ಮಗನ ದೋಣಿಯ ಮೇಲೆಯೇ ಕೂತ ಹಾಗಾಯಿತಲ್ಲ. ಅವನ ಅಪ್ಪ ಇದ್ದಿದ್ದರೆ ಅಂಗಡಿಯಲ್ಲೇ "ಸೀರೆ ಎತ್ತು, ಹತ್ತು" ಅನ್ನುತ್ತಿದ್ದರು, ನಾನು ಬೈದುಕೊಂಡು ಹತ್ತುತ್ತಿದ್ದೆ. ಇವನಿಗೆ ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಅವನ ತಪ್ಪಲ್ಲ. ಹೇಳಬೇಕಾದವಳು ನಾನು, ಮೊಣಕಾಲಿನ ಮೇಲೆ ಹಾಕಿ ಸುಮ್ಮನಾದೆ.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು ಸೀದಾ ಅಡಿಗೆಮನೆಗೆ ಹೋದೆ. ವಿನಯಾ ದೋಸೆ ಹೊಯ್ಯುತ್ತಿದ್ದಳು.

"ನಿನ್ನ ಚೂಡಿದಾರದ ಹಳೆಯ ಪ್ಯಾಂಟು ಒಂದು ಕೊಡು."

"ಯಾಕೆ ಮಾಮಿ, ನೆಲ ಒರೆಸಲಿಕ್ಕಾ?" ನಮ್ಮಲ್ಲಿ ಅತ್ತೆಗೆ ಮಾಮಿ ಅನ್ನುವುದು.

"ಹಾಕಿಕೊಳ್ಳಲಿಕ್ಕೆ."

ಅವಳ ದೋಸೆ ಸೀದುಹೋಯಿತು. ಆದರೆ ಜಾಣೆ, ಎರಡನೆಯ ಮಾತು ಕೇಳಲಿಲ್ಲ. ಕಪ್ಪು ಪ್ಯಾಂಟು ತಂದು ಕೊಟ್ಟು, ಲಾಡಿ ಕಟ್ಟಲಿಕ್ಕೂ ನಿಂತಳು. ಹುಟ್ಟಿದ ಮೇಲೆ ಮೊದಲ ಸಲ ಎರಡು ಕಾಲನ್ನು ಬೇರೆ ಬೇರೆ ಬಟ್ಟೆಯೊಳಗೆ ಹಾಕಿದೆ. ಅದರ ಮೇಲೆ ಯಾವಾಗಲೂ ಉಡುವ ಹಾಗೆ ಸೀರೆ ಉಟ್ಟೆ. ಸೀರೆ ಬಿಡುವಷ್ಟು ನಾನಿನ್ನೂ ಮುಂದುವರಿದಿಲ್ಲ. ಒಳಗೆ ಏನುಂಟು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ, ಸೀರೆ ಎತ್ತಿದರೆ ಕಾಣುವುದು ಕಪ್ಪು ಬಟ್ಟೆ ಮಾತ್ರ.

ಸುಧೀರ ಪೇಪರು ಓದುತ್ತಿದ್ದ. "ಎದ್ದೇಳು. ಆ ಅಂಗಡಿಗೆ ಹೋಗುವ" ಅಂದೆ.

"ನಡುವಿನದು ಅಂತ ಆಯ್ತಲ್ಲ ಅಮ್ಮ. ನಿಮ್ಮ ಕಾಲು..."

"ನನ್ನ ಕಾಲು ನನ್ನ ಹತ್ತಿರ ಉಂಟು. ನಡಿ."

ಅಂಗಡಿ ಆಗಷ್ಟೇ ತೆರೆದಿತ್ತು. ಅದೇ ಮಲಯಾಳಿ ಸ್ಟೂಲು ಹಿಡಿದು ಓಡಿ ಬಂದ. "ವೇಂಡ ಮೋನೇ", ಬೇಡ ಮಗನೇ, ಅಂದೆ. ಎಡಗೈಯಲ್ಲಿ ನೆರಿಗೆಯನ್ನು ಒಟ್ಟು ಮಾಡಿ ಮೊಣಕಾಲಿನಿಂದ ಮೇಲಕ್ಕೆ ಎತ್ತಿದೆ. ಬಲಗೈಯಲ್ಲಿ ಬಾಗಿಲಿನ ಹಿಡಿ ಹಿಡಿದೆ. ಒಂದು ಕಾಲು ಮೆಟ್ಟಿಲಿಗೆ, ಇನ್ನೊಂದು ಒಳಗೆ. ಮೊದಲ ಸಲ ಸ್ವಲ್ಪ ಹಿಂದಕ್ಕೆ ಬಂದೆ, ಸುಧೀರ ಕೈ ಚಾಚಿದ. "ಹಿಡಿಯಬೇಡ, ತಳ್ಳು" ಅಂದೆ. ತಳ್ಳಿದ. ಕೂತೆ. ಅಲ್ಲಿಂದ ನೋಡಿದರೆ ಎಲ್ಲರ ನೆತ್ತಿ ಕಾಣುತ್ತದೆ, ನನ್ನ ಮಗನದ್ದು ನಡುವಿನಲ್ಲಿ ಬೋಳಾಗುತ್ತಾ ಬಂದಿದೆ.

"ಆಯಿತು. ಪ್ರವೀಣನಿಗೆ ಫೋನು ಮಾಡು, ದೋಣಿ ಕೊಡುವುದಿಲ್ಲ ಅಂತ ಹೇಳು" ಅಂದೆ. ಅವನು ಹೇಳಲಿಕ್ಕೆ ಬಾಯಿ ತೆರೆದ. ಏನು ಹೇಳುತ್ತಿದ್ದನೋ, ನಾನು ಬಾಗಿಲು ಎಳೆದುಕೊಂಡೆ.