ಫ್ಯಾನಿನೊಳಗಿನ ಕುಂಕುಮ

ಸ್ನೇಹಿತರೇ, ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಇರಬೇಕಾದ ವೇಗದ ಅರ್ಧದಷ್ಟೂ ಓಡುತ್ತಿರಲಿಲ್ಲ. ಒಂದು ಫೋಟೊ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು, ಅದೂ ನಾನೇ ಮಾಡಿಕೊಂಡ ಕಾಫಿ, ಇರಲಿ ಬಿಡಿ. ಇವತ್ತು ಬೆಳಿಗ್ಗೆ ಜಯನಗರದ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ.

ಅಂಗಡಿಯ ಹೆಣ್ಣುಮಗಳು ಅದರ ತಳ ಬಿಚ್ಚಿದವಳೇ ನಕ್ಕುಬಿಟ್ಟಳು. "ಅಂಕಲ್, ಇದೇನು ಲ್ಯಾಪ್‌ಟಾಪೋ ದೇವ್ರ ಮನೆಯೋ? ಫ್ಯಾನ್ ತುಂಬಾ ಅರಿಶಿನ ಕುಂಕುಮ! ಬಿಸಿ ಹೊರಗೆ ಹೋಗ್ತಾನೇ ಇಲ್ಲ. ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ ತಾನಾಗೇ ಸ್ಲೋ ಆಗುತ್ತೆ."

"ಗೊತ್ತಮ್ಮ. ಹೀಟ್ ಕ್ಯಾನಾಟ್ ಬೈ ಇಟ್‌ಸೆಲ್ಫ್..." ಎಂದು ಶುರು ಮಾಡಿದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಉಷ್ಣದ ನಿಯಮ, ಮುಂದಿನ ಮಾತು ಬರಲಿಲ್ಲ. ಬಂದದ್ದು ತೀರಿಕೊಂಡ ನನ್ನ ಹೆಂಡತಿ ಸರೋಜಳ ನೆನಪು. ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಕೊನೆಗೆ ಲ್ಯಾಪ್‌ಟಾಪಿನ ಕಿಂಡಿಗಳ ಮೇಲೂ ಧಾರಾಳವಾಗಿ ಉದುರಿಸುತ್ತಿದ್ದಳು. "ಸಾಕು ಬಿಡೇ" ಅಂದರೆ, "ಸುಮ್ನಿರಿ, ಚೆನ್ನಾಗಿ ಓಡ್ಲಿ" ಅನ್ನುತ್ತಿದ್ದಳು.

ಅಂಗಡಿಯವಳು ಬ್ಲೋವರ್ ಎತ್ತಿಕೊಂಡಳು. "ಒಂದ್ನಿಮಿಷ ತಡಿಯಮ್ಮ" ಅಂದೆ. ಅಷ್ಟರಲ್ಲಿ ಭರ್ರನೆ ಎಲ್ಲ ಹಾರಿಹೋಯಿತು. ಮೇಜಿನ ಮೇಲೆ ಒಂದಿಷ್ಟು ಕೆಂಪು ಉಳಿದಿತ್ತು, ಅದನ್ನೂ ಬಟ್ಟೆಯಿಂದ ಒರೆಸಿಬಿಟ್ಟಳು.

"ಈ ಸಲ ಹಾಕ್ಬೇಡಿ ಅಂತ ಆಂಟಿಗೆ ಹೇಳಿ, ಅಂಕಲ್."

"ಆಗ್ಲಮ್ಮ, ಹೇಳ್ತೀನಿ" ಅಂದೆ.

ಮನೆಗೆ ಬಂದು ನೋಡಿದರೆ ಸರೋಜಳ ಫೋಟೊಗಳು ಮುಟ್ಟಿದ ಕೂಡಲೇ ತೆರೆದುಕೊಳ್ಳುತ್ತಿವೆ. ವೆರಿ ಫಾಸ್ಟ್. ನನಗೇನು ಅಷ್ಟು ಅವಸರವಿತ್ತೋ, ಕಾಣೆ.