ಅವ್ವನ ಎತ್ತು ಮೈಸೂರಿನ ಪೆಟ್ಟಿಗೆ ಸೇರಿದ್ದು

ಮೈಸೂರಿನ ತಣ್ಣನೆಯ ಗಾಳಿ ಅಪ್ಪನನ್ನು ಕಳೆದುಕೊಂಡ ಅವ್ವನ ದುಃಖ ಮರೆಸಿತು, ಅದಕ್ಕೇ ಆಕೆ ಮತ್ತೆ ಮಣ್ಣು ಹಿಡಿದಳು ಎಂದು ಬಾಗಲಕೋಟೆಯಲ್ಲಿ ನೀವೆಲ್ಲ ಹೇಳುತ್ತೀರಂತೆ. ನಾನು ಒಪ್ಪುವುದಿಲ್ಲ. ಗಾಳಿ ಏನನ್ನೂ ಮರೆಸಲಿಲ್ಲ. ತೊಂಬತ್ತರ ದಶಕದ ಕೊನೆಗೆ, ನನ್ನ ಕಾನೂನು ಓದಿಗಾಗಿ ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಗೆ ಬಂದ ಮೇಲೂ ಅವ್ವ ಗೋಡೆಗೊರಗಿ ಕೂತೇ ಇದ್ದಳು. ಆಕೆಯನ್ನು ಎಬ್ಬಿಸಿದ್ದು ಸಿಟ್ಟು.

ದಸರೆಗೆ ಪಕ್ಕದ ಮನೆಯ ನಾಗರತ್ನಮ್ಮ ಗೊಂಬೆ ನೋಡಲು ಕರೆದರು. ಒಳಗೆ ಕಾಲಿಟ್ಟವಳೇ ಬೆಚ್ಚಿದೆ. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ರಾಜ, ರಾಣಿ, ದೇವರು, ಪೊಲೀಸು, ಅಂಗಡಿಯ ಶೆಟ್ಟಿ. ಅಷ್ಟೂ ಜನ ನಮ್ಮನ್ನೇ ದಿಟ್ಟಿಸುತ್ತಿದ್ದರು. ಅವ್ವ ನೋಡಿದ್ದು ಕೆಳಗಿದ್ದ ಎತ್ತನ್ನು ಮಾತ್ರ.

"ಇದು ಎತ್ತೇನ್ರೀ? ಆಡಿನ ಮುಖ ಐತಿ. ಬೆನ್ನ ಮ್ಯಾಲಿನ ಡುಬ್ಬ ಎಲ್ಲಿ ಹೋತು?"

ನಾಗರತ್ನಮ್ಮ ನಕ್ಕರು. "ಅಂಗಡೀಲಿ ಕೊಟ್ಟಿದ್ದು ತಂದ್ಬುಟ್ಟೆ ಕಣ್ರೀ. ಮಾಡೋಕೆ ಬಂದ್ರೆ ನೀವೇ ಮಾಡ್ಕೊಡಿ!"

ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಮಾಡುತ್ತಿದ್ದ ಎತ್ತುಗಳನ್ನು ನೀವು ನೋಡಿದ್ದೀರಿ. ಮಣ್ಣು ತಂದು ಹದ ಮಾಡಿಕೊಡುವುದು ಅಪ್ಪನ ಕೆಲಸವಾಗಿತ್ತು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಎತ್ತು ಹುಟ್ಟಿರಲಿಲ್ಲ.

ಮರುದಿನ ಅವ್ವ ತಾನೇ ಮಣ್ಣು ಹುಡುಕಿ ತಂದಳು. ನಮ್ಮೂರ ಕರಿಮಣ್ಣಿಗೆ ಅಂಟು ಹೆಚ್ಚು. ಇಲ್ಲಿಯ ಕೆಂಪುಮಣ್ಣು ಮರಳು ಮರಳು, ಎತ್ತಿನ ಕಾಲು ನಿಲ್ಲಲೊಲ್ಲದು. ಬೈದಳು, ಮುರಿದಳು, ಸೋಸಿ ಹತ್ತಿ ಬೆರೆಸಿ ಮತ್ತೆ ಕಲಸಿದಳು. ಎತ್ತು ನಿಂತಾಗ ಆಕೆ ಅಳಲೂ ಇಲ್ಲ, ನಿಟ್ಟುಸಿರಿಡಲೂ ಇಲ್ಲ. "ಈಗ ನೋಡು, ಎತ್ತಂದ್ರ ಇದು," ಅಂದಳು.

ಆ ಎತ್ತು ನಾಗರತ್ನಮ್ಮನ ಗೊಂಬೆಗಳ ಸಾಲಿನಲ್ಲಿ ನಿಂತಿತು. ಹಬ್ಬ ಮುಗಿದು ಅವರು ಗೊಂಬೆಗಳನ್ನು ಪೆಟ್ಟಿಗೆಗೆ ಹಾಕತೊಡಗಿದರು. ಇಲ್ಲಿ ಗೊಂಬೆ ತಲೆಮಾರುಗಟ್ಟಲೆ ಬಾಳಬೇಕು. ನಮ್ಮಲ್ಲಿ ಪೂಜೆಯಾದ ಎತ್ತು ನೀರು ಸೇರಬೇಕು.

"ಕೊಡ್ರಿ, ನೀರಿಗೆ ಬಿಡತೀನಿ."

"ಅಯ್ಯೋ, ಇಷ್ಟು ಚೆನ್ನಾಗಿರೋದನ್ನ ಕರಗಿಸ್ತೀರಾ? ಇರ್ಲಿ ಬುಡಿ, ಮುಂದಿನ ವರ್ಷಕ್ಕಾಯ್ತು."

"ಇದನ್ನ ಇಟಗೊಂಡ್ರ ಮುಂದಿನ ವರ್ಷ ನಾ ಏನ್ ಮಾಡ್ಲಿ?"

ಕಾಲೇಜಿನ ಚರ್ಚಾಸ್ಪರ್ಧೆಯ ಹುಮ್ಮಸ್ಸಿನಲ್ಲಿ ನಾನು ನಡುವೆ ಬಾಯಿ ಹಾಕಿದೆ: ಒಬ್ಬರ ಪದ್ಧತಿಯನ್ನು ಇನ್ನೊಬ್ಬರ ಮೇಲೆ ಹೇರಬಾರದು, ಹಾಗೆ, ಹೀಗೆ.

"ನೀ ಸುಮ್ನ ಕೂಡ, ವಕೀಲವ್ವಾ," ಎಂದು ಅವ್ವ ಎದ್ದು ಹೋದಳು. ಮರಳಿ ಬಂದಾಗ ಕೈಯಲ್ಲಿ ಅಪ್ಪನ ಧೋತರವಿತ್ತು. ಇಷ್ಟು ದಿನ ನನಗೂ ಮುಟ್ಟಗೊಡದ ಧೋತರ. ಅದನ್ನು ಪರ್ರನೆ ಅರ್ಧ ಹರಿದು, ಎತ್ತಿಗೆ ಸುತ್ತಿ, ನಾಗರತ್ನಮ್ಮನ ಪೆಟ್ಟಿಗೆಯಲ್ಲಿ ತಾನೇ ಮಲಗಿಸಿದಳು.

ಈಗ ವರ್ಷಕ್ಕೆ ಎರಡು ಸಲ ಎತ್ತು ಮಾಡುತ್ತಾಳೆ. ಅಮಾವಾಸ್ಯೆಯದು ನೀರಿಗೆ, ದಸರೆಯದು ಪೆಟ್ಟಿಗೆಗೆ. ಊರಿಗೆ ಬಂದರೆ ನೀವು 'ಮೈಸೂರಿನವರು ಬಂದ್ರು' ಅನ್ನುತ್ತೀರಿ. ಇಲ್ಲಿ ನಾವಿನ್ನೂ 'ಬಾಗಲಕೋಟೆಯವರು'. ಆ ಬಗ್ಗೆ ನಾನು ವಾದ ಹೂಡಬಲ್ಲೆ. ಕೇಳಲು ಬಾಯಿ ಬಾರದಿರುವುದು ಇನ್ನೊಂದು ಮಾತು:

ಅವ್ವಾ, ಧೋತರದ ಉಳಿದರ್ಧ ಯಾತಕ್ಕ ಇಟಗೊಂಡೀದಿ?